ಸಾರಾ ವಾನ್, ಕ್ಲಿಫರ್ಡ್ ಬ್ರೌನ್: 1954ರ ಆ ಎರಡು ದಿನದ ಹಾಡುಗಳನ್ನು ಕೇಳಿದ್ದೀರಾ?

ಮಂದ್ರಸ್ಥಾಯಿ (ಶನಿವಾರ ರಾತ್ರಿ)

ಈ ಗುಂಪಿನಲ್ಲಿ ಕಚೇರಿ ಸಂಗೀತ, ಭಾವಗೀತೆ, ಹಳೇ ಸಿನಿಮಾ ಹಾಡು ಎಲ್ಲದರ ಬಗ್ಗೆಯೂ ಮಾತಾಡುತ್ತೇವೆ. ಜಾಝ್ ಬಗ್ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಹಾಗಾಗಿ ನಾನೇ ಶುರು ಮಾಡುತ್ತಿದ್ದೇನೆ. ಹತ್ತು ವರ್ಷದಿಂದ ಬಿಡದೆ ಕೇಳುತ್ತಿರುವ ಒಂದು ಆಲ್ಬಮ್ ಇದೆ. ಅದರ ಬಗ್ಗೆ ಕನ್ನಡದಲ್ಲಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸುತ್ತಿದೆ.

ಅಮೆರಿಕದ ಜಾಝ್ ಗಾಯಕಿ ಸಾರಾ ವಾನ್ ಅವರದು, ಆಲ್ಬಮ್ಮಿನ ಹೆಸರೂ ಬರೀ 'ಸಾರಾ ವಾನ್'. 1954ರ ಡಿಸೆಂಬರ್ 16 ಮತ್ತು 18ರಂದು ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಣವಾಯಿತು. ಒಟ್ಟು ಒಂಬತ್ತು ಹಾಡು. ಟ್ರಂಪೆಟ್ ಕ್ಲಿಫರ್ಡ್ ಬ್ರೌನ್ ಅವರದು. ಇಬ್ಬರೂ ಸೇರಿ ಮಾಡಿದ ಆಲ್ಬಮ್ ಇದೊಂದೇ. ಅದಕ್ಕೇ ಆಮೇಲೆ ಬಂದ ಪ್ರತಿಗಳ ಮುಖಪುಟದಲ್ಲಿ ಇಬ್ಬರ ಹೆಸರೂ ಇರುತ್ತದೆ.

ಜೊತೆಗಾರರು ಯಾರು ಅಂತ ಹೇಳಿಬಿಡುತ್ತೇನೆ. ಪಿಯಾನೊ ಜಿಮ್ಮಿ ಜೋನ್ಸ್, ಬೇಸ್ ಜೋ ಬೆಂಜಮಿನ್, ಡ್ರಮ್ಸ್ ರಾಯ್ ಹೇನ್ಸ್, ಕೊಳಲು ಹರ್ಬಿ ಮ್ಯಾನ್, ಟೆನರ್ ಸ್ಯಾಕ್ಸೊಫೋನ್ ಪಾಲ್ ಕ್ವಿನಿಶೆಟ್. ವಾದ್ಯ ಸಂಯೋಜನೆ ಅರ್ನಿ ವಿಲ್ಕಿನ್ಸ್. ಸಾರಾಗೆ ಆಗ 30 ವಯಸ್ಸು. ಕ್ಲಿಫರ್ಡ್‌ಗೆ 24.

ಇಷ್ಟವಾಗುವುದಕ್ಕೆ ಕಾರಣ ಹೇಳುತ್ತೇನೆ. ಸಾಮಾನ್ಯವಾಗಿ ಹಾಡುವವರು ಮುಂದೆ, ವಾದ್ಯದವರು ಹಿಂದೆ. ಇಲ್ಲಿ ಹಾಗಿಲ್ಲ. ಮೊದಲನೇ ಹಾಡು 'ಲಲಬೈ ಆಫ್ ಬರ್ಡ್‌ಲ್ಯಾಂಡ್' ಹಾಕಿ ನೋಡಿ. ಶುರುವಿನಲ್ಲೇ ಸಾರಾ ಸಾಹಿತ್ಯ ಹಿಡಿಯುವುದಿಲ್ಲ. ಮಾತಿಲ್ಲದ ಸ್ವರದಲ್ಲಿ, ವಾದ್ಯಗಳ ಸಾಲಿನಲ್ಲಿ ತಾವೂ ಒಂದು ವಾದ್ಯವಾಗಿ ಬರುತ್ತಾರೆ. ಆಮೇಲೆ ಮುಂದೆ ಬಂದು ಹಾಡುತ್ತಾರೆ. ಕೊನೆಗೆ ಮತ್ತೆ ಹೋಗಿ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಬೇರೆಯವರು ನುಡಿಸುವಾಗ ಅವರು ಸುಮ್ನೆ ತಮ್ಮ ಸರದಿಗೆ ಕಾಯುತ್ತಿಲ್ಲ, ಕಿವಿಗೊಟ್ಟು ಕೇಳುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ವಾಪಸ್ ಬಂದಾಗ ಹಾಡು ಬಿಟ್ಟ ಜಾಗದಲ್ಲಿ ಇರುವುದಿಲ್ಲ. ನಡುವೆ ಟ್ರಂಪೆಟ್ ಏನು ಹೇಳಿತೋ ಅದನ್ನೆಲ್ಲ ಕೇಳಿಸಿಕೊಂಡ ಮೇಲಿನ ಹಾಡು ಅದು.

ಕೇಳಿದವರು ದಯವಿಟ್ಟು ಬರೆಯಿರಿ. ಕೇಳದವರು ಒಂದು ಸಲ ಕೇಳಿ. ಮೊಬೈಲ್ ಸ್ಪೀಕರಿನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ. ಬೇಸ್ ಕೇಳಿಸದಿದ್ದರೆ ಅರ್ಧ ಹಾಡು ಹೋದ ಹಾಗೆ.

ಹೊಸಕಿವಿ

ಸರ್, ನಾನು ಜಾಝ್ ಅಂತ ಕೂತು ಕೇಳಿದ್ದೇ ಇಲ್ಲ. ಹೋಟೆಲುಗಳಲ್ಲಿ ಹಿಂದೆ ಓಡುತ್ತಿರುತ್ತಲ್ವಾ, ಅಷ್ಟೇ. ಒಂದು ಪ್ರಶ್ನೆ. ಈ ಆಲ್ಬಮ್ ಬಗ್ಗೆ ಹುಡುಕಿದಾಗ ಎಲ್ಲ ಕಡೆ 'ಸ್ಟ್ಯಾಂಡರ್ಡ್ಸ್' ಅಂತ ಬರುತ್ತದೆ. ಹಾಗಂದ್ರೆ ಏನು? ಬೇರೆಯವರ ಹಾಡನ್ನು ಮತ್ತೆ ಹಾಡುವುದಾ?

ಮಂದ್ರಸ್ಥಾಯಿ

ಒಳ್ಳೇ ಪ್ರಶ್ನೆ. ಹೆಚ್ಚುಕಡಿಮೆ ಹಾಗೇ, ಆದರೆ ಅಲ್ಲಿ ಹಾಡು 'ಬೇರೆಯವರದು' ಅನ್ನುವ ಭಾವನೆ ಇಲ್ಲ. ಅಮೆರಿಕದಲ್ಲಿ 1920ರಿಂದ 40ರವರೆಗೆ ಬ್ರಾಡ್‌ವೇ ನಾಟಕಗಳಿಗೆ, ಸಿನಿಮಾಗಳಿಗೆ ಅಂತ ನೂರಾರು ಹಾಡು ಹುಟ್ಟಿದವು. ಎಷ್ಟೋ ನಾಟಕಗಳನ್ನು ಈಗ ಜನ ಮರೆತೇಬಿಟ್ಟಿದ್ದಾರೆ, ಹಾಡು ಮಾತ್ರ ಉಳಿದಿದೆ. ಜಾಝ್‌ನವರು ಅವುಗಳನ್ನು ತಮ್ಮ ಪಾಠದ ಭಾಗ ಮಾಡಿಕೊಂಡರು. ಯಾವ ಊರಿನ ಯಾವ ವಾದಕ ಬಂದು ಕೂತರೂ ಅವರಿಗೆ ಆ ಹಾಡು ಗೊತ್ತಿರುತ್ತದೆ. ಅವೇ ಸ್ಟ್ಯಾಂಡರ್ಡ್ಸ್. ನಮ್ಮಲ್ಲಿ ಒಂದೇ ಕೃತಿಯನ್ನು ನೂರು ಜನ ಹಾಡುತ್ತಾರಲ್ಲ, ಯಾರೂ ಅದನ್ನು ನಕಲು ಅನ್ನುವುದಿಲ್ಲ.

ಈ ಆಲ್ಬಮ್ಮಿನ 'ಏಪ್ರಿಲ್ ಇನ್ ಪ್ಯಾರಿಸ್' 1932ರ ಒಂದು ಬ್ರಾಡ್‌ವೇ ಪ್ರದರ್ಶನದ್ದು. 'ಎಂಬ್ರೇಸಬಲ್ ಯು' ಗರ್ಶ್ವಿನ್ ಅಣ್ಣತಮ್ಮಂದಿರದು, 1930ರಲ್ಲಿ ರಂಗಕ್ಕೆ ಬಂತು. 'ಸೆಪ್ಟೆಂಬರ್ ಸಾಂಗ್' 1938ರದು. 'ಲಲಬೈ' ಮಾತ್ರ ಆಗಿನ್ನೂ ಹೊಸ ಹಾಡು. ಬರ್ಡ್‌ಲ್ಯಾಂಡ್ ಅನ್ನುವ ನ್ಯೂಯಾರ್ಕ್ ಜಾಝ್ ಕ್ಲಬ್ಬಿಗಾಗಿ ಪಿಯಾನೊ ವಾದಕ ಜಾರ್ಜ್ ಶಿಯರಿಂಗ್ 1952ರಲ್ಲಿ ಮಾಡಿದ್ದು.

ತಂಬೂರಿ

ನಿಮ್ಮ ಮಾತು ಕೇಳಿ ಇವತ್ತು ಬೆಳಗ್ಗೆ ಹಾಕಿದೆ. ಅಬ್ಬಾ, ಎಂಥ ಗಂಟಲು! ಮಂದ್ರದಲ್ಲಿ ಇಳಿದಾಗ ಗಂಡಸಿನ ದನಿಯಷ್ಟು ಗಟ್ಟಿ. ಅಲ್ಲಿಂದ ಮೇಲೆ ಹೋದಾಗ ಎಲ್ಲೂ ಸಂದು ಕಾಣುವುದಿಲ್ಲ. ನಾನು ಹದಿನೈದು ವರ್ಷದಿಂದ ಹಾಡುಗಾರಿಕೆ ಹೇಳಿಕೊಡುತ್ತಿದ್ದೇನೆ. ಈ ಸಂದು ಮುಚ್ಚಿಸುವುದಕ್ಕೆ ಮಕ್ಕಳಿಗೆ ಎಷ್ಟು ವರ್ಷ ಬೇಕು ಅಂತ ನನಗೆ ಗೊತ್ತು.

ನನಗೆ ಅನ್ನಿಸಿದ್ದು ಎರಡು. ಅವರು ಸ್ವರದ ಕೊನೆಯಲ್ಲಿ ಅಲುಗಿಸುತ್ತಾರಲ್ಲ, ಅದು ನಮ್ಮ ಗಮಕದ ಹಾಗೇ ಇದೆ. ಮಾತಿಲ್ಲದೆ ಹಾಡುವುದು, ಕಚೇರಿಯಲ್ಲಿ ಸರಿಗಮ ಹೆಣೆಯುತ್ತಾ ಹೋಗುವ ಕಲ್ಪನಾಸ್ವರದ ಹಾಗೆ. ಸಂಗೀತ ಎಲ್ಲ ಕಡೆಯೂ ಒಂದೇ ಅಲ್ವಾ?

ಬಿಳಿಕರಿಮನೆ (ಧಾರವಾಡ)

ತಂಬೂರಿ ಮೇಡಂ, ನಾನು ಪಿಯಾನೊ ಕಲಿತವನು, ಮನೆಯಲ್ಲಿ ಅಪ್ಪ ಹಿಂದೂಸ್ತಾನಿ. ಹಾಗಾಗಿ ಎರಡೂ ಕಿವಿಗೆ ಬಿದ್ದಿವೆ. ನಿಮ್ಮ ಮಾತನ್ನು ಅರ್ಧ ಒಪ್ಪುತ್ತೇನೆ.

ಆ ಅಲುಗಾಟಕ್ಕೆ ವೈಬ್ರಾಟೊ ಅನ್ನುತ್ತಾರೆ. ಅದನ್ನು ತೆಗೆದರೂ ಹಾಡು ಅದೇ ಹಾಡಾಗಿ ಇರುತ್ತದೆ. ಗಮಕ ತೆಗೆದರೆ ತೋಡಿ ರಾಗ ತೋಡಿಯಾಗಿ ಉಳಿಯುತ್ತದೆಯೇ? ಇಲ್ಲ. ಹಾಗಾಗಿ ಎರಡೂ ಒಂದೇ ಅಲ್ಲ. ಸಾರಾ ಅದನ್ನು ಬಳಸುವ ಬಗೆಯನ್ನು ಗಮನಿಸಿ. ಸ್ವರವನ್ನು ಮೊದಲು ನೇರವಾಗಿ, ಒಂಚೂರೂ ಅಲುಗಿಸದೆ ಹಿಡಿಯುತ್ತಾರೆ. ಬಿಡುವ ಹೊತ್ತಿಗೆ ನಿಧಾನವಾಗಿ ಅಲೆ ಏಳಿಸುತ್ತಾರೆ. ಎಲ್ಲಿ ಶುರು ಮಾಡಬೇಕು ಅನ್ನುವುದು ಪೂರ್ತಿ ಅವರ ಕೈಯಲ್ಲಿದೆ.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ನಮ್ಮಲ್ಲಿ ಷಡ್ಜ, ಅಂದರೆ 'ಸ', ಕದಲುವುದಿಲ್ಲ. ತಂಬೂರಿ ಒಂದೇ ಕಡೆ ನಿಂತಿರುತ್ತದೆ, ನಾವು ಅದರ ಸುತ್ತ ಓಡಾಡುತ್ತೇವೆ. ಅಲ್ಲಿ ಕಾಲ ಕೆಳಗಿನ ನೆಲವೇ ಸರಿಯುತ್ತದೆ. ಪಿಯಾನೊದವರು ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತುತ್ತಾರಲ್ಲ, ಆ ಕಾರ್ಡ್ ಎರಡು ಅಥವಾ ನಾಲ್ಕು ಮಾತ್ರೆಗೊಮ್ಮೆ ಬದಲಾಗುತ್ತಾ ಹೋಗುತ್ತದೆ. ಹಾಡುವವರು ಒಂದೇ ಸ್ವರ ಹಿಡಿದು ನಿಂತರೂ ಕೆಳಗೆ ಕಾರ್ಡ್ ಬದಲಾದ ಕೂಡಲೇ ಆ ಸ್ವರದ ಬಣ್ಣ ಬೇರೆಯಾಗುತ್ತದೆ. ಸಾರಾ ಇದರಲ್ಲಿ ಭಾಳ ಜಾಣರು. ಯಾಕಂದ್ರೆ ಅವರು ಪಿಯಾನೊ ನುಡಿಸುತ್ತಿದ್ದರು. 1943ರಲ್ಲಿ ಪಿಯಾನೊ ವಾದಕ ಅರ್ಲ್ ಹೈನ್ಸ್ ಅವರ ತಂಡ ಸೇರಿದ್ದು ಗಾಯಕಿಯಾಗಿ ಮತ್ತು ಎರಡನೇ ಪಿಯಾನೊ ವಾದಕಿಯಾಗಿ. ಆ ತಂಡದಲ್ಲಿ ಆಗ ಟ್ರಂಪೆಟ್ ವಾದಕ ಡಿಝಿ ಗಿಲೆಸ್ಪಿ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಇದ್ದರು. ಅವರಿಬ್ಬರೂ ಸೇರಿ ಜಾಝ್‌ನ ವ್ಯಾಕರಣವನ್ನೇ ಬದಲಾಯಿಸುತ್ತಿದ್ದ ಕಾಲ. ದಿನಾ ರಾತ್ರಿ ಅದನ್ನು ವೇದಿಕೆಯ ಮೇಲೆ ಕೂತು ಕೇಳಿದ ಕಿವಿ ಇದು. ಮುಂದಿನ ಕಾರ್ಡಿನ ಒಳಗೆ ಯಾವ ಸ್ವರ ಅಡಗಿದೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ. ನಾವು ನಿರೀಕ್ಷಿಸದ ಸ್ವರಕ್ಕೆ ಹೋಗಿ ನಿಲ್ಲುತ್ತಾರೆ. ತಪ್ಪಿದರೇನೋ ಅಂದುಕೊಳ್ಳುವಷ್ಟರಲ್ಲಿ ಕಾರ್ಡ್ ಬಂದು ಅವರ ಕೆಳಗೆ ಕೂರುತ್ತದೆ.

ಹೊಸಕಿವಿ ಅವರಿಗೆ ಒಂದು ಸಲಹೆ. 'ಲಲಬೈ' ಕೇಳುವಾಗ ತಾಳ ಎಣಿಸಿ. ನಾಲ್ಕು ಮಾತ್ರೆಗೆ ಒಂದು ಬಾರ್. ಎಂಟು ಬಾರ್ ಒಂದು ಮಟ್ಟು, ಮತ್ತೆ ಎಂಟು ಅದೇ ಮಟ್ಟು, ಆಮೇಲಿನ ಎಂಟು ಬೇರೆ, ಕೊನೆಯ ಎಂಟು ಮತ್ತೆ ಮೊದಲಿನದೇ. ಒಟ್ಟು 32. ಹೆಚ್ಚಿನ ಸ್ಟ್ಯಾಂಡರ್ಡ್ಸ್ ಇದೇ ಅಳತೆಯವು. ಸೋಲೊ, ಅಂದರೆ ತಮ್ಮ ಸರದಿಯಲ್ಲಿ ಒಬ್ಬರೇ ಮುಂದೆ ಬಂದು ನುಡಿಸುವವರೂ ಮನಸ್ಸಿಗೆ ಬಂದ ಕಡೆ ಹೋಗುವುದಿಲ್ಲ. ಅದೇ 32ರ ಆವರ್ತದಲ್ಲಿ, ಅದೇ ಕಾರ್ಡುಗಳ ಮೇಲೆ ಸುತ್ತುತ್ತಾರೆ. ಅವರು ನುಡಿಸುವಾಗ ನೀವು ಮನಸ್ಸಿನಲ್ಲೇ ಮೂಲ ಹಾಡನ್ನು ಗುನುಗುತ್ತಿರಿ. ಎಲ್ಲಿದ್ದಾರೆ ಅಂತ ಕಾಣುತ್ತದೆ.

ತಂಬೂರಿ

ನೀವು ಹೇಳಿದ ಮೇಲೆ ಮತ್ತೆ ಕೇಳಿದೆ. ಸರಿ, ಗಮಕದ ವಿಷಯದಲ್ಲಿ ನನ್ನದು ಅವಸರದ ಮಾತು. ನೆಲ ಸರಿಯುತ್ತದೆ ಅಂದಿರಲ್ಲ, ಅದು ಚೆನ್ನಾಗಿ ತಲೆಗೆ ಹೋಯಿತು. ಆದರೆ ಎರಡನೇ ಮಾತನ್ನು ಬಿಟ್ಟುಕೊಡುವುದಿಲ್ಲ. ಕಲ್ಪನಾಸ್ವರದಲ್ಲಿ ಎಡುಪಿಗೆ, ಅಂದರೆ ತಾಳದಲ್ಲಿ ಸಾಹಿತ್ಯ ಎತ್ತಿಕೊಳ್ಳುವ ಜಾಗಕ್ಕೆ, ಬಂದು ಸೇರುವಾಗ ಒಂದು ಸುಖ ಇರುತ್ತದೆ. ಸಾರಾ ಸ್ಕ್ಯಾಟ್ (ಆ ಮಾತಿಲ್ಲದ ಹಾಡುಗಾರಿಕೆ) ಮುಗಿಸಿ ಸಾಹಿತ್ಯಕ್ಕೆ ವಾಪಸ್ ಬರುವಾಗ ನನಗೆ ಅದೇ ಸುಖ ಸಿಕ್ಕಿತು.

ಇದು ಬರೀ ಹೋಲಿಕೆಯಲ್ಲ ಅನ್ನುವುದಕ್ಕೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಕರ್ನಾಟಕ ಸಂಗೀತದ ಗಾಯಕಿ ಆರ್.ಎ. ರಮಾಮಣಿ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆಗೆ, ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಸಂಗಡ ಸೇರಿ ಮಾಡಿದ 'ಜ್ಯೋತಿ' ಆಲ್ಬಮ್ 1983ರಲ್ಲೇ ಬಂದಿದೆ. ಅಲ್ಲಿ ಷಡ್ಜ ನಿಂತಿದೆ, ಜಾಝ್‌ನವರು ಅದರ ಹತ್ತಿರಕ್ಕೆ ಬಂದಿದ್ದಾರೆ. ನೀವಿಬ್ಬರೂ ಕೇಳಲೇಬೇಕು.

ಶಾರ್ಟ್‌ವೇವ್

ಈ ಮಾತುಕತೆ ಓದಿ ನನಗೆ ಮೈಸೂರಿನ ನಮ್ಮ ಸೋದರಮಾವನ ಮನೆ ನೆನಪಾಯಿತು. ಅರವತ್ತರ ದಶಕ. ರಾತ್ರಿ ಊಟ ಆದ ಮೇಲೆ ಮಾವ ರೇಡಿಯೊ ಮುಂದೆ ಕೂತು ಶಾರ್ಟ್‌ವೇವ್ ಗುಂಡಿ ತಿರುಗಿಸುತ್ತಿದ್ದರು. ವಾಯ್ಸ್ ಆಫ್ ಅಮೆರಿಕ, ಅಮೆರಿಕ ಸರ್ಕಾರದ ಬಾನುಲಿ. ವಿಲಿಸ್ ಕಾನೊವರ್ ಅಂತ ಒಬ್ಬರು ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಗಂಭೀರ ದನಿ, ನಿಧಾನವಾದ ಇಂಗ್ಲಿಷು. ಇಂಗ್ಲಿಷ್ ಮನೆಮಾತಲ್ಲದವರಿಗೂ ತಿಳಿಯಲಿ ಅಂತಲೇ ಹಾಗೆ ಮಾತಾಡುತ್ತಿದ್ದರು. ಆ ಕಾರ್ಯಕ್ರಮ 1955ರಲ್ಲಿ ಶುರುವಾದದ್ದು. ಅಮೆರಿಕದ ಒಳಗೆ ಅದನ್ನು ಪ್ರಸಾರ ಮಾಡುವುದಕ್ಕೆ ಕಾನೂನಿನ ಅಡ್ಡಿ ಇತ್ತು. ಹಾಗಾಗಿ ಅವರದೇ ಊರಿನವರಿಗೆ ಗೊತ್ತಿಲ್ಲದ ಆ ದನಿ ಮೈಸೂರಿನ ನಮ್ಮ ಮಾವನಿಗೆ ಗೊತ್ತಿತ್ತು.

ಸಾರಾ ವಾನ್ ಹೆಸರು ನಾನು ಮೊದಲು ಕೇಳಿದ್ದು ಅಲ್ಲೇ. ಅಲೆ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ನನಗೆ ಹತ್ತು ಹನ್ನೊಂದು ವರ್ಷ. ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ದನಿ ಹೋದಾಗ ಮಾವ ಕೈ ಎತ್ತಿ 'ತಾಳು, ಬರ್ತಾಳೆ' ಅನ್ನುತ್ತಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಯಿತು. ಇಂದು ಇದೇ ಆಲ್ಬಮ್ ಒಂಚೂರೂ ಗೊರಗೊರ ಇಲ್ಲದೆ ಕೇಳಿದೆ. ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು.

ದೂರದೂರು (ನ್ಯೂಜೆರ್ಸಿ)

ಅಂಕಲ್, ನಿಮ್ಮ ಮಾವನ ಮಾತು ಓದಿ ಕಣ್ಣು ತುಂಬಿತು.

ನಾನಿರುವುದು ಸಾರಾ ಹುಟ್ಟಿದ ನ್ಯೂವಾರ್ಕ್‌ನಿಂದ ಸ್ವಲ್ಪ ದೂರದಲ್ಲಿ. ಸಾರಾ ಅವರ ತಂದೆ ಬಡಗಿ, ಗಿಟಾರ್ ನುಡಿಸುತ್ತಿದ್ದರು. ತಾಯಿ ಬಟ್ಟೆ ಒಗೆಯುವ ಕೆಲಸ ಮಾಡುತ್ತಾ ಚರ್ಚಿನಲ್ಲಿ ಹಾಡುತ್ತಿದ್ದರು. ಮಗಳು ಚಿಕ್ಕವಳಿದ್ದಾಗಲೇ ಮೌಂಟ್ ಝಯಾನ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡಿದಳು, ಪಿಯಾನೊ ನುಡಿಸಿದಳು. 1942ರಲ್ಲಿ ಹಾರ್ಲೆಮ್‌ನ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದರು. ಬಹುಮಾನ 10 ಡಾಲರ್, ಜೊತೆಗೆ ಒಂದು ವಾರ ಅಲ್ಲಿ ಹಾಡುವ ಅವಕಾಶ. ಅರ್ಲ್ ಹೈನ್ಸ್ ತಂಡದ ದಾರಿ ತೆರೆದದ್ದು ಅಲ್ಲಿಂದಲೇ.

ಈಗ ನ್ಯೂವಾರ್ಕ್‌ನಲ್ಲಿ ಅವರ ಹೆಸರಿನಲ್ಲೇ ಜಾಝ್ ಗಾಯನ ಸ್ಪರ್ಧೆ ನಡೆಯುತ್ತದೆ. 2019ರಲ್ಲಿ ಗೆದ್ದವರು ಸಮಾರಾ ಜಾಯ್. ಅವರನ್ನು ಕೇಳಿ. ಮಂದ್ರದಲ್ಲಿ ಆ ಬೆಚ್ಚಗಿನ ದನಿ ಎಲ್ಲಿಂದ ಬಂದಿದೆ ಅಂತ ತಕ್ಷಣ ತಿಳಿಯುತ್ತದೆ.

ಅಂದ ಹಾಗೆ, ಕೆಲವರು 'ವಾಘನ್' ಅಂತ ಬರೆಯುತ್ತಾರೆ. ಇಲ್ಲಿ ಎಲ್ಲರೂ 'ವಾನ್' ಅಂತಲೇ ಹೇಳುವುದು.

ಕಡಲದಂಡೆ

ಎಲ್ಲರೂ ಹೊಗಳುತ್ತಿದ್ದೀರಿ, ನನ್ನ ಅನುಮಾನವನ್ನೂ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ನನಗೆ ಜಾಝ್ ಗಾಯಕಿ ಬಿಲಿ ಹಾಲಿಡೇ ಅಂದ್ರೆ ಪ್ರಾಣ. ಅವರ ದನಿ ಚಿಕ್ಕದು, ಸ್ಥಾಯಿಯೂ ಕಮ್ಮಿ. ಆದರೆ ಒಂದೊಂದು ಪದವೂ ಎದೆಗೆ ತಾಗುತ್ತದೆ. ಸಾರಾ ಅವರಲ್ಲಿ ದನಿಯ ಐಶ್ವರ್ಯ ಜಾಸ್ತಿ. ಎಷ್ಟೋ ಕಡೆ ಹಾಡಿನ ಅರ್ಥಕ್ಕಿಂತ ದನಿಯೇ ಮುಂದೆ ಬಂದು ನಿಲ್ಲುತ್ತದೆ. ಹಿಂದೆ ದೊಡ್ಡ ವಾದ್ಯವೃಂದ, ಪಿಟೀಲುಗಳ ಸಾಲು ಇರುವ ಅವರ ಹಾಡು ಕೆಲವು ಕೇಳಿದ್ದೆ. ತುಪ್ಪ ಜಾಸ್ತಿ ಆದ ಹೋಳಿಗೆ ಅನ್ನಿಸಿತು.

ಮಂದ್ರಸ್ಥಾಯಿ

ಬೇಜಾರೇನಿಲ್ಲ. ಈ ಅನುಮಾನ ಬರಬೇಕಾದದ್ದೇ. ನೀವು ಕೇಳಿದ ಹಾಡುಗಳು ಯಾವುವು ಅಂತ ನನಗೆ ಅಂದಾಜಿದೆ. 1954ರಲ್ಲಿ ಸಾರಾ ಮರ್ಕ್ಯುರಿ ಕಂಪನಿ ಸೇರಿದರು. ಜನಪ್ರಿಯ ಹಾಡು ಮರ್ಕ್ಯುರಿಗೆ, ಜಾಝ್ ಅದರದೇ ಇನ್ನೊಂದು ಹೆಸರಾದ ಎಮ್‌ಆರ್ಸಿಗೆ ಅಂತ ಏರ್ಪಾಡು. ಮರ್ಕ್ಯುರಿ ರೆಕಾರ್ಡ್ ಕಂಪನಿಯ ಮೂರು ಮೊದಲಕ್ಷರ ಎಮ್, ಆರ್, ಸಿ. ಅದನ್ನೇ ಉಚ್ಚರಿಸಿದ ಹಾಗೆ ಹೆಸರು ಮಾಡಿದರು. ಪಿಟೀಲುಗಳ ಸಾಲು ಹೆಚ್ಚಾಗಿ ಮೊದಲನೇ ಕಡೆಯದು. ನಾವು ಮಾತಾಡುತ್ತಿರುವುದು ಎರಡನೆಯದು.

ದನಿ ಮುಂದೆ ಬರುತ್ತದೆ ಅಂದಿರಿ. ಒಪ್ಪುತ್ತೇನೆ. ಬೇರೆ ಆಲ್ಬಮ್ಮುಗಳಲ್ಲಿ ನನಗೂ ಕೆಲವು ಕಡೆ ಅತಿ ಅನ್ನಿಸಿದೆ. ಇದರಲ್ಲಿ ಅನ್ನಿಸುವುದಿಲ್ಲ. ಯಾಕೆ ಅಂತ ತುಂಬಾ ಯೋಚಿಸಿದ್ದೇನೆ. ಎದುರಿಗೆ ಕ್ಲಿಫರ್ಡ್ ಬ್ರೌನ್ ಇದ್ದಾರೆ. ಕೊಳಲು, ಸ್ಯಾಕ್ಸೊಫೋನ್ ಇವೆ. ಅಲಂಕಾರ ಮಾಡುವುದಕ್ಕೆ ಜನ ಇದ್ದಾರೆ. ಎಲ್ಲವನ್ನೂ ತಾವೇ ಹೇಳಬೇಕು ಅನ್ನುವ ಭಾರ ಇಲ್ಲ. ಹಾಗಾಗಿ ಎಷ್ಟು ಬೇಕೋ ಅಷ್ಟು ಹೇಳಿ ಜಾಗ ಬಿಡುತ್ತಾರೆ.

ಆದರೆ 'ಎಂಬ್ರೇಸಬಲ್ ಯು'ಗೆ ಬಂದಾಗ ಊದುವ ವಾದ್ಯದವರೆಲ್ಲ ಸುಮ್ಮನಾಗುತ್ತಾರೆ. ಬರೀ ಪಿಯಾನೊ, ಬೇಸ್, ಡ್ರಮ್ಸ್. ರಾಯ್ ಹೇನ್ಸ್ ಕೋಲು ಕೆಳಗಿಟ್ಟು ಬ್ರಷ್ ಹಿಡಿದು ತೊಗಲಿನ ಮೇಲೆ ಸವರುತ್ತಾರೆ. ಮೊರದಲ್ಲಿ ಅಕ್ಕಿ ಆಡಿಸಿದ ಹಾಗೆ ಒಂದು ಸಣ್ಣ ಸದ್ದು. ಅದರ ಮೇಲೆ ಈ ದನಿ. ಕಡಲದಂಡೆ ಅವರೇ, ನೀವು ಇದೊಂದನ್ನು ರಾತ್ರಿ ದೀಪ ಆರಿಸಿ ಕೇಳಿ. ಮೊದಲು ಮಟ್ಟನ್ನು ಹೆಚ್ಚುಕಡಿಮೆ ಇದ್ದ ಹಾಗೇ ಹೇಳುತ್ತಾರೆ. ಮುಂದೆ ಹೋಗುತ್ತಾ ಅದೇ ಪದಗಳಿಗೆ ಬೇರೆ ದಾರಿ ಹುಡುಕುತ್ತಾರೆ. ನನಗೆ ಅಲ್ಲಿ ದನಿಯ ಪ್ರದರ್ಶನ ಕಾಣುವುದಿಲ್ಲ. ಹತ್ತಿರದವರಿಗೆ ಒಂದು ಮಾತು ಹೇಳಲು ಹೊರಟು, ಹೇಳಿದ್ದು ಸಾಲದು ಅಂತ ಮತ್ತೆ ಇನ್ನೊಂದು ರೀತಿ ಹೇಳುವವರು ಕಾಣುತ್ತಾರೆ.

'ಏಪ್ರಿಲ್ ಇನ್ ಪ್ಯಾರಿಸ್' ಆರು ನಿಮಿಷಕ್ಕೂ ಜಾಸ್ತಿ ಇದೆ. ಅದರ ಹಿಂದೆ ಒಂದು ಕಾರಣವಿದೆ. ಹಳೇ 78ರ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ. 1948ರಲ್ಲಿ ಹೆಚ್ಚು ಹೊತ್ತು ಓಡುವ ತಟ್ಟೆಯಾದ ಎಲ್‌ಪಿ ಬಂದ ಮೇಲೆ ಆ ಬೇಲಿ ಹೋಯಿತು. ಹಾಡು ಮುಗಿಸುವ ಅವಸರ ಇಲ್ಲದ್ದರಿಂದಲೇ ಇಷ್ಟು ವಿಳಂಬ ಕಾಲದಲ್ಲಿ, ಎಲ್ಲರಿಗೂ ಸರದಿ ಕೊಟ್ಟು ಹೋಗುವುದು ಸಾಧ್ಯವಾಯಿತು.

ಬಿಳಿಕರಿಮನೆ (ಧಾರವಾಡ)

ಕ್ಲಿಫರ್ಡ್ ಬಗ್ಗೆ ಇನ್ನಷ್ಟು ಹೇಳಬೇಕು. ಆ ಒಂದು ವರ್ಷದಲ್ಲಿ ಅವರು ಎಮ್‌ಆರ್ಸಿಗಾಗಿ ಮೂವರು ಗಾಯಕಿಯರ ಜೊತೆ ನುಡಿಸಿದರು. ಆಗಸ್ಟಿನಲ್ಲಿ ಡೈನಾ ವಾಷಿಂಗ್ಟನ್. ಡಿಸೆಂಬರಿನಲ್ಲಿ ಸಾರಾ. ಅದಾಗಿ ಒಂದು ವಾರದೊಳಗೆ ಹೆಲೆನ್ ಮೆರಿಲ್. ಮೆರಿಲ್ ಆಲ್ಬಮ್ಮಿಗೆ ವಾದ್ಯ ಸಂಯೋಜನೆ ಮಾಡಿದ ಕ್ವಿನ್ಸಿ ಜೋನ್ಸ್‌ಗೆ ಆಗ 21 ವಯಸ್ಸು. ಮೆರಿಲ್ ಮೈಕಿಗೆ ಹತ್ತಿರ ಬಂದು ಉಸಿರಿನಲ್ಲೇ ಹಾಡುತ್ತಾರೆ, ಸಾರಾಗೆ ಪೂರ್ತಿ ವಿರುದ್ಧ. ಒಬ್ಬನೇ ಟ್ರಂಪೆಟ್ ವಾದಕ ಎರಡು ಬೇರೆ ಬೇರೆ ದನಿಗೆ ಹೇಗೆ ಹೊಂದಿಕೊಂಡಿದ್ದಾರೆ ಅಂತ ಪಕ್ಕಪಕ್ಕ ಇಟ್ಟು ಕೇಳಿ. ಪಕ್ಕವಾದ್ಯ ಅಂದ್ರೆ ಇದು.

1950ರಲ್ಲಿ ಅವರಿಗೆ ದೊಡ್ಡ ಕಾರು ಅಪಘಾತವಾಗಿ ಸುಮಾರು ಒಂದು ವರ್ಷ ಆಸ್ಪತ್ರೆಯಲ್ಲಿದ್ದರು. ಆಗ ನೋಡಲು ಬಂದ ಡಿಝಿ ಗಿಲೆಸ್ಪಿ ಟ್ರಂಪೆಟ್ ಬಿಡಬೇಡ ಅಂತ ಹುರಿದುಂಬಿಸಿದರು. ಎದ್ದು ಬಂದರು, ನುಡಿಸಿದರು. 1956ರ ಜೂನ್ 26ರಂದು ಪೆನ್ಸಿಲ್ವೇನಿಯಾದ ಹೆದ್ದಾರಿಯಲ್ಲಿ ಮಳೆಯಲ್ಲಿ ಮತ್ತೆ ಅಪಘಾತ. ಜೊತೆಯಲ್ಲಿದ್ದ ಪಿಯಾನೊ ವಾದಕ ರಿಚಿ ಪೊವೆಲ್, ಅವರ ಹೆಂಡತಿ ನ್ಯಾನ್ಸಿ, ಮೂವರೂ ಹೋದರು. ಕ್ಲಿಫರ್ಡ್‌ಗೆ 25.

'ಸೆಪ್ಟೆಂಬರ್ ಸಾಂಗ್' ಹಾಡಿನಲ್ಲಿ ವಯಸ್ಸಾದವನೊಬ್ಬ ಇನ್ನು ಉಳಿದಿರುವ ದಿನಗಳು ಸ್ವಲ್ಪವೇ ಅಂತ ತಿಂಗಳು ಎಣಿಸುತ್ತಾನೆ. ಅದನ್ನು ಮೊದಲು ಹಾಡಿದ್ದು ವಾಲ್ಟರ್ ಹ್ಯೂಸ್ಟನ್, ಗಾಯಕರಲ್ಲ, ನಟರು. ಅಂಥ ಹಾಡಿಗೆ 24ರ ಹುಡುಗ ಟ್ರಂಪೆಟ್ ಎತ್ತಿಕೊಳ್ಳುತ್ತಾನೆ. ಅವನಿಗೆ ಉಳಿದಿದ್ದದ್ದು ಒಂದೂವರೆ ವರ್ಷ. ಇದು ಗೊತ್ತಾದ ಮೇಲೆ ಆ ಹಾಡನ್ನು ಬೇರೆ ಕೆಲಸ ಮಾಡುತ್ತಾ ಕೇಳಲು ನನಗೆ ಆಗುವುದಿಲ್ಲ.

ದೂರದೂರು (ನ್ಯೂಜೆರ್ಸಿ)

ರಾಯ್ ಹೇನ್ಸ್ ಮಾತ್ರ ದೀರ್ಘಾಯುಷಿ. 2024ರ ನವೆಂಬರಿನಲ್ಲಿ ತೀರಿಕೊಂಡರು, 99 ವಯಸ್ಸಾಗಿತ್ತು. ಸಾರಾ 1990ರಲ್ಲೇ ಹೋದರು.

ಕಡಲದಂಡೆ

'ಎಂಬ್ರೇಸಬಲ್ ಯು' ಕೇಳಿದೆ. ದೀಪ ಆರಿಸಿಯೇ ಕೇಳಿದೆ. ಬಿಲಿ ನನಗೆ ಈಗಲೂ ಮೊದಲು. ಆದರೆ ತುಪ್ಪದ ಮಾತನ್ನು ವಾಪಸ್ ತಗೋತೀನಿ. ಆ ಬ್ರಷ್ಷಿನ ಸದ್ದು ಕಿವಿಯಲ್ಲಿ ಇನ್ನೂ ಇದೆ.

ಹೊಸಕಿವಿ (ಬುಧವಾರ)

ಬಿಳಿಕರಿಮನೆ ಸರ್, ನೀವು ಹೇಳಿದ ಹಾಗೆ 'ಲಲಬೈ' ಹಾಕಿಕೊಂಡು ಬೆರಳಲ್ಲಿ ಬಾರ್ ಎಣಿಸಿದೆ. ಬಸ್ಸಿನಲ್ಲಿ ಮೊದಲ ಸಲ ನಡುವಿನ ಎಂಟರಲ್ಲೇ ತಪ್ಪಿತು. ಮನೆಗೆ ಬಂದು ಮತ್ತೆ ಹಾಕಿದೆ, ಸ್ಕ್ಯಾಟ್ ಶುರುವಾದ ಕೂಡಲೇ ಕೇಳುತ್ತಾ ಕೂತುಬಿಟ್ಟೆ, ಲೆಕ್ಕ ಹೋಯಿತು. ಮೂರನೇ ಸಲ ಕಣ್ಣು ಮುಚ್ಚಿ ಮನಸ್ಸಿನಲ್ಲಿ ಮೂಲ ಹಾಡು ಗುನುಗುತ್ತಾ ಹೋದೆ. ಅವರು ಸಾಹಿತ್ಯಕ್ಕೆ ವಾಪಸ್ ಬಂದಾಗ ನಾನೂ ಅದೇ ಜಾಗದಲ್ಲಿದ್ದೆ.